ಮೊದಲ ಪೆನ್ನಿಗೆ ಯಾವ ಕಿಟ್? ಸ್ಲಿಮ್‌ಲೈನ್, ಸಿಯೆರಾ ಎರಡನ್ನೂ ಕಡೆದು ನೋಡಿದ ಮೇಲೆ

ಲೇತಿನ ಮೇಲೆ, ಅಂದರೆ ಮರವನ್ನು ತಿರುಗಿಸಿ ಉಳಿಯಿಂದ ಕಡೆಯುವ ಯಂತ್ರದ ಮೇಲೆ, ಮರದ ಪೆನ್ನು ಕಡೆಯುವ ನಮ್ಮ ಹವ್ಯಾಸಿ ಬಳಗಕ್ಕೆ ಹೊಸಬರು ಬರುತ್ತಲೇ ಇದ್ದಾರೆ. ಅವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ಪೀಣ್ಯದ ಕಾರ್ಖಾನೆಯೊಂದರಲ್ಲಿ 31 ವರ್ಷ ಟರ್ನರ್ ಆಗಿ ಕಬ್ಬಿಣ ಕಡೆದವನು ನಾನು. ನಿವೃತ್ತನಾದ ಮೇಲೆ ಮರಕ್ಕೆ ಬಂದೆ. ಲೇತ್ ಕೆಲಸ ಹೇಳಿಕೊಡುವುದು ಕಷ್ಟವಾಗಲಾರದು ಎಂದುಕೊಂಡೇ ಒಪ್ಪಿಕೊಂಡೆ. ಆದರೆ ಮೊದಲ ಪುಟದ ಮೊದಲ ಸಾಲಿಗೇ ಕೈ ನಿಂತಿತು. ‘ಮೊದಲು ಈ ಕಿಟ್ ಕೊಂಡುಕೊಳ್ಳಿ’ ಎಂದು ಬರೆಯಬೇಕು. ಯಾವ ಕಿಟ್?

ಯಾರನ್ನು ಕೇಳಿದರೂ ಹೇಳುವ ಹೆಸರು ಒಂದೇ, ಸ್ಲಿಮ್‌ಲೈನ್. ಎರಡು ಹಿತ್ತಾಳೆ ಕೊಳವೆ, 7 ಮಿ.ಮೀ. ರಂಧ್ರ, ಕಡಿಮೆ ಬೆಲೆ. ನಾನೂ ಕಲಿತದ್ದು ಅದರಲ್ಲೇ. ಹಾಗಾಗಿ ಕೈಪಿಡಿಯ ಮೊದಲ ಕರಡಿನಲ್ಲಿ ನಾನೂ ಅದನ್ನೇ ಬರೆದಿದ್ದೆ. ಬರೆದ ಮೇಲೆ ಮನಸ್ಸಿಗೆ ಕಿರಿಕಿರಿಯಾಯಿತು. ನನ್ನ ಕೈ ಮೂರು ದಶಕ ಲೇತಿನ ಮೇಲೆ ಪಳಗಿದ ಕೈ. ನನಗೆ ಸುಲಭವಾದದ್ದು ಉಳಿಯನ್ನೇ ಹಿಡಿಯದವರಿಗೂ ಸುಲಭ ಎಂದು ನಾನು ಹೇಗೆ ಬರೆಯಲಿ? ಅಮೆರಿಕದಲ್ಲಿರುವ ಮಗ ರಜೆಗೆ ಬರುವಾಗ ಹತ್ತು ಸ್ಲಿಮ್‌ಲೈನ್ ಕಿಟ್ಟುಗಳನ್ನೂ ಸಿಯೆರಾ ಎಂಬ ಇನ್ನೊಂದು ಮಾದರಿಯ ಐದು ಕಿಟ್ಟುಗಳನ್ನೂ ತಂದುಕೊಟ್ಟ. ಎಂದೂ ಲೇತ್ ಮುಟ್ಟದ ಮೂವರನ್ನು ಮನೆಗೆ ಕರೆದೆ. ಅವರು ಕಡೆದರು, ನಾನು ಪಕ್ಕದಲ್ಲಿ ನಿಂತು ನೋಡಿದೆ, ಅಳೆದೆ, ಬರೆದುಕೊಂಡೆ. ಈ ವಿಮರ್ಶೆ ಆ ನಾಲ್ಕು ಭಾನುವಾರಗಳ ಫಲ.

ಮೂವರಲ್ಲಿ ಒಬ್ಬಳು ನನ್ನ ತಂಗಿಯ ಮಗಳು, ಬಿ.ಕಾಂ. ಎರಡನೆಯ ವರ್ಷದವಳು. ಇನ್ನೊಬ್ಬರು ಪಕ್ಕದ ಮನೆಯ ಮೇಷ್ಟ್ರು, ಅರವತ್ತೇಳು ವರ್ಷ, ಬಲಗೈ ಸ್ವಲ್ಪ ನಡುಗುತ್ತದೆ. ಮೂರನೆಯವರು ನಮ್ಮ ಬಳಗಕ್ಕೆ ಹೊಸದಾಗಿ ಸೇರಿದ ಬ್ಯಾಂಕ್ ನೌಕರರು.

ಕಿಟ್ ಎಂದರೆ ಏನು ಎಂಬುದನ್ನು ಗೊತ್ತಿಲ್ಲದವರಿಗಾಗಿ ಎರಡು ಮಾತಿನಲ್ಲಿ ಹೇಳುತ್ತೇನೆ. ಪೆನ್ನಿನ ಲೋಹದ ಭಾಗಗಳೆಲ್ಲ ಸಿದ್ಧವಾಗಿ ಒಂದು ಪುಟ್ಟ ಚೀಲದಲ್ಲಿ ಬರುತ್ತವೆ. ಮೂತಿ, ಕ್ಲಿಪ್, ತಿರುಗಿಸಿದರೆ ರೀಫಿಲ್ ಹೊರಗೆ ಬರುವ ಯಂತ್ರ, ಹಿತ್ತಾಳೆ ಕೊಳವೆ, ರೀಫಿಲ್ ಎಲ್ಲವೂ ಅದರಲ್ಲಿರುತ್ತವೆ. ಮರ ಮಾತ್ರ ನಮ್ಮದು. ಮುಕ್ಕಾಲು ಇಂಚು ಚೌಕದ, ಐದು ಇಂಚು ಉದ್ದದ ಮರದ ತುಂಡಿಗೆ ರಂಧ್ರ ಕೊರೆದು, ಕೊಳವೆಯನ್ನು ಅಂಟಿಸಿ, ಲೇತಿನ ಮೇಲೆ ಗುಂಡಗೆ ಕಡೆದು, ಹೊಳಪು ಕೊಟ್ಟು, ಲೋಹದ ಭಾಗಗಳನ್ನು ಒತ್ತಿ ಕೂರಿಸಿದರೆ ಪೆನ್ನು. ಕಿಟ್ಟಿಲ್ಲದೆ ಪೂರ್ತಿ ಪೆನ್ನನ್ನೇ ಕಡೆಯುವ ಪರಂಪರೆ ನಮ್ಮ ದಕ್ಷಿಣದಲ್ಲೇ ಇದೆ. ರಾಜಮಹೇಂದ್ರಿಯ ರತ್ನಂ ಪೆನ್ನುಗಳು 1930ರ ದಶಕದಿಂದ ಎಬೊನೈಟ್ ಎಂಬ ಗಟ್ಟಿ ರಬ್ಬರಿನ ಸರಳಿನಿಂದ ಲೇತಿನ ಮೇಲೆಯೇ ಹುಟ್ಟುತ್ತಿವೆ. ಸ್ವದೇಶಿ ಕಾಲದಲ್ಲಿ ಗಾಂಧೀಜಿಯವರ ಕೈ ಸೇರಿದ ಪೆನ್ನು ಅದು. ಆ ಮಟ್ಟದ ಕೆಲಸಕ್ಕೆ ವರ್ಷಗಳು ಬೇಕು. ಹೊಸಬರಿಗೆ ಒಂದು ಭಾನುವಾರದಲ್ಲಿ ಕೈಗೆ ಪೆನ್ನು ಸಿಗಬೇಕಾದರೆ ಕಿಟ್ಟೇ ಸರಿ.

ಮೊದಲ ಭಾನುವಾರ ತಂಗಿಯ ಮಗಳಿಗೆ ಸ್ಲಿಮ್‌ಲೈನ್ ಕೊಟ್ಟೆ. ಮರ ಆಲೆ. ಚನ್ನಪಟ್ಟಣದ ಗೊಂಬೆ ಕಡೆಯುವ ಅದೇ ಬಿಳಿ ಮರ. ಉಳಿಗೆ ಬೆಣ್ಣೆಯಂತೆ ಒಗ್ಗುತ್ತದೆ, ಕಲಿಯುವ ಕೈಗೆ ಅದಕ್ಕಿಂತ ಒಳ್ಳೆಯ ಮರ ನನಗೆ ಗೊತ್ತಿಲ್ಲ. ತುಂಡನ್ನು ಎರಡಾಗಿ ಕೊಯ್ದಳು. ಪೆನ್ನು ಜೋಡಿಸಿದಾಗ ಮರದ ಎಳೆ ಒಂದೇ ಸಾಲಾಗಿ ಕೂಡಬೇಕೆಂದು ಎರಡಕ್ಕೂ ನಡುವೆ ಪೆನ್ಸಿಲಿನಿಂದ ಗೆರೆ ಎಳೆಯಲು ಹೇಳಿದ್ದೆ, ಎಳೆದಳು. 7 ಮಿ.ಮೀ. ಡ್ರಿಲ್ ಬಿಟ್ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ, ಅದು ಸ್ಲಿಮ್‌ಲೈನಿನ ದೊಡ್ಡ ಅನುಕೂಲ. ನಿಧಾನವಾಗಿ, ಮತ್ತೆ ಮತ್ತೆ ಬಿಟ್ಟನ್ನು ಹೊರಗೆ ಎಳೆದು ಹೊಟ್ಟು ತೆಗೆಯುತ್ತಾ ಕೊರೆದಳು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು.

ಆಮೇಲೆ ಅಂಟು. ದಿಢೀರ್ ಅಂಟನ್ನು (ಸೂಪರ್ ಗ್ಲೂ) ಕೊಳವೆಗೆ ಸವರಿ ರಂಧ್ರಕ್ಕೆ ತೂರಿಸಿದಳು. ತೂರಿಸುವಾಗ ತಿರುಗಿಸುತ್ತಾ ತೂರಿಸಬೇಕು, ನಿಲ್ಲಿಸಬಾರದು ಎಂದು ಹೇಳಿದ್ದೆ. ಆದರೆ ನಡುವೆ ಒಂದು ಕ್ಷಣ ಬೆರಳು ಬದಲಿಸಲು ನಿಲ್ಲಿಸಿದಳು.

“ಮಾವ, ಇದು ಅರ್ಧಕ್ಕೇ ನಿಂತುಬಿಟ್ಟಿತು.”

ನಾನು ತೆಗೆದುಕೊಂಡು ಒತ್ತಿದೆ, ಕದಲಲಿಲ್ಲ. ಕೊಳವೆಯ ಅರ್ಧ ಒಳಗೆ, ಅರ್ಧ ಹೊರಗೆ. ಆ ತುಂಡು ಅಲ್ಲಿಗೆ ಮುಗಿಯಿತು. ಅವಳ ಮುಖ ನೋಡಿದಾಗ ನನಗೆ ನಿಜವಾಗಿಯೂ ಬೇಸರವಾಯಿತು. ತಪ್ಪು ಅವಳದಲ್ಲ, ಮೊದಲ ದಿನ ಮೊದಲ ಕೊಳವೆಗೆ ಆ ಅಂಟನ್ನು ಕೊಟ್ಟ ನನ್ನದು. ಅಂದಿನಿಂದ ಹೊಸಬರಿಗೆ ಎರಡು ಟ್ಯೂಬುಗಳಿಂದ ಬೆರೆಸಿ ಹಚ್ಚುವ ಎಪಾಕ್ಸಿ ಅಂಟನ್ನೇ ಕೊಡುತ್ತೇನೆ. ಐದು ನಿಮಿಷದ ಜಾತಿಯದಾದರೂ ಸಾಕು, ಕೊಳವೆಯನ್ನು ನೆಮ್ಮದಿಯಾಗಿ ತಿರುಗಿಸಿ ಕೂರಿಸಲು ಸಮಯ ಸಿಗುತ್ತದೆ. ಕೈಪಿಡಿಯಲ್ಲಿ ಈ ಸಾಲನ್ನು ದಪ್ಪಕ್ಷರದಲ್ಲಿ ಹಾಕುತ್ತೇನೆ. ಇನ್ನೊಂದು ಉಪಾಯ: ಅಂಟು ಸವರುವ ಮುಂಚೆ ಕೊಳವೆಯ ಬಾಯನ್ನು ಒಂದು ಹೋಳು ಹಸಿ ಆಲೂಗಡ್ಡೆಗೆ ಚುಚ್ಚಿ ತೆಗೆಯಿರಿ. ಬಾಯಲ್ಲಿ ಬಿರಡೆಯ ಹಾಗೆ ಆಲೂಗಡ್ಡೆ ಕೂರುತ್ತದೆ, ಅಂಟು ಒಳಗೆ ಹೋಗುವುದಿಲ್ಲ. ಅಂಟು ಒಣಗಿದ ಕೂಡಲೇ ಅದನ್ನು ತಳ್ಳಿ ತೆಗೆದು ಒರೆಸಬೇಕು, ಮರುದಿನಕ್ಕೆ ಬಿಡಬಾರದು. ಕೊಳವೆಯ ಮೈಯನ್ನು 150ರ ಉಪ್ಪುಕಾಗದದಲ್ಲಿ ಉಜ್ಜಿ ಒರಟು ಮಾಡುವುದನ್ನೂ ಮರೆಯಬಾರದು. ನುಣ್ಣನೆಯ ಹಿತ್ತಾಳೆಗೆ ಅಂಟು ಹಿಡಿಯದು.

ಎರಡನೆಯ ಸ್ಲಿಮ್‌ಲೈನ್ ಅವಳ ಕೈಯಲ್ಲಿ ಲೇತಿನವರೆಗೆ ಬಂತು. ಇಲ್ಲಿ ನಾನು ಕಲಿತ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಕೊಳವೆ ಅಂಟಿದ ಎರಡು ತುಂಡುಗಳನ್ನು ಮ್ಯಾಂಡ್ರೆಲ್ ಎಂಬ ಉಕ್ಕಿನ ಸರಳಿಗೆ ಪೋಣಿಸಬೇಕು. ನಡುವೆ ಮತ್ತು ತುದಿಗಳಲ್ಲಿ ಬುಶ್ ಎಂಬ ಅಳತೆಯ ಲೋಹದ ಬಳೆಗಳು. ಕೊನೆಗೊಂದು ನಟ್ಟು. ಮರವನ್ನು ಬುಶ್‌ನ ಮಟ್ಟಕ್ಕೆ ಕಡೆದರೆ ಅದು ಲೋಹದ ಭಾಗಗಳಿಗೆ ಸರಿಯಾಗಿ ಕೂಡುತ್ತದೆ. ಸರಳು ಸುಮಾರು ಆರೂಕಾಲು ಮಿ.ಮೀ. ದಪ್ಪವಷ್ಟೇ. ಕಾರ್ಖಾನೆಯಲ್ಲಿ ಅಷ್ಟು ಸಪೂರದ ಸರಳನ್ನು ಅಷ್ಟು ಉದ್ದಕ್ಕೆ ಎರಡು ತುದಿಯಲ್ಲಿ ಹಿಡಿದು ಕೆಲಸ ಮಾಡಿ ಎಂದರೆ ಯಾವ ಟರ್ನರನೂ ಹುಬ್ಬು ಗಂಟಿಕ್ಕುತ್ತಾನೆ. ಹೊಸಬರು ತುಂಡು ಜಾರದಿರಲಿ ಎಂದು ನಟ್ಟನ್ನು ಬಿಗಿಯುತ್ತಾರೆ, ಸರಳಿನ ಕೊನೆಯನ್ನು ಆನಿಸಿ ಹಿಡಿಯುವ ಟೇಲ್‌ಸ್ಟಾಕನ್ನೂ ಒತ್ತುತ್ತಾರೆ. ಸರಳು ಬಿಲ್ಲಿನಂತೆ ಬಾಗುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಸಣ್ಣ ಓಲಾಟವನ್ನೂ ಮುಳ್ಳಿನಿಂದ ತೋರಿಸುವ ಡಯಲ್ ಗೇಜ್ ಇಟ್ಟು ನಾನು ನೋಡಿದೆ. ನಟ್ಟನ್ನು ಎರಡು ಬೆರಳಲ್ಲಿ ಬಿಗಿದಾಗ ನಡುವಿನ ಬುಶ್‌ನ ಓಡಾಟ ಮಿಲಿಮೀಟರಿನ ನೂರನೇ ಒಂದೆರಡು ಭಾಗ. ಅವಳು ಬಿಗಿದ ಹಾಗೆಯೇ ಬಿಟ್ಟು ನೋಡಿದಾಗ ಕಾಲು ಮಿ.ಮೀ.

ಕಾಲು ಮಿ.ಮೀ. ಎಂದರೆ ಏನು ಮಹಾ ಎಂದು ಕೇಳಬಹುದು. ಸ್ಲಿಮ್‌ಲೈನ್ ಬುಶ್‌ನ ಹೊರ ಅಳತೆ ನನ್ನ ವರ್ನಿಯರಿನಲ್ಲಿ 8.3 ಮಿ.ಮೀ. ಕೊಳವೆ 7 ಮಿ.ಮೀ. ಅಂದರೆ ತುದಿಗಳಲ್ಲಿ ಕೊಳವೆಯ ಸುತ್ತ ಉಳಿಯುವ ಮರದ ದಪ್ಪ ಮುಕ್ಕಾಲು ಮಿ.ಮೀ.ಗೂ ಕಡಿಮೆ. ಬಾಗಿದ ಸರಳಿನ ಮೇಲೆ ಕಡೆದಾಗ ಆ ತೆಳ್ಳನೆಯ ಗೋಡೆ ಒಂದು ಕಡೆ ಇನ್ನೂ ತೆಳ್ಳಗಾಗುತ್ತದೆ, ಇನ್ನೊಂದು ಕಡೆ ದಪ್ಪವಾಗಿ ಉಳಿಯುತ್ತದೆ. ಲೇತಿನ ಮೇಲಿರುವವರೆಗೆ ಎಲ್ಲ ಸರಿ ಕಾಣುತ್ತದೆ. ಪೆನ್ನು ಜೋಡಿಸಿದ ಮೇಲೆ ಎರಡು ತುಂಡುಗಳ ನಡುವೆ ಕೂರುವ ಲೋಹದ ನಡುಬಳೆಯ ಸುತ್ತ ಹೆಬ್ಬೆರಳಿನ ಉಗುರು ಓಡಿಸಿ ನೋಡಿ. ಒಂದು ಕಡೆ ಮರ ಉಬ್ಬಿ ಉಗುರನ್ನು ತಡೆಯುತ್ತದೆ, ಎದುರು ಕಡೆ ಬಳೆಯೇ ಉಬ್ಬಿ ತಡೆಯುತ್ತದೆ. ಅವಳ ಪೆನ್ನು ಹಾಗೆಯೇ ಆಗಿತ್ತು. ಅವಳಿಗೆ ಎಲ್ಲಿ ತಪ್ಪಾಯಿತೆಂದೇ ತಿಳಿಯಲಿಲ್ಲ. “ಅಷ್ಟು ಜೋಪಾನವಾಗಿ ಉಜ್ಜಿದೆನಲ್ಲ ಮಾವ” ಎಂದಳು. ನಿಜ, ಉಜ್ಜುವುದರಲ್ಲಿ ಯಾವ ಕೊರತೆಯೂ ಇರಲಿಲ್ಲ. ತಪ್ಪು ಆಗಿದ್ದು ಒಂದು ಗಂಟೆ ಮುಂಚೆ, ನಟ್ಟು ಬಿಗಿಯುವಾಗ.

ಸ್ಲಿಮ್‌ಲೈನ್ ಬಗ್ಗೆ ನನ್ನ ದೊಡ್ಡ ತಕರಾರು ಇದೇ. ಅದರಲ್ಲಿ ಮರ ಮತ್ತು ಲೋಹ ಕೂಡುವ ಜಾಗಗಳು ನಾಲ್ಕು. ಮೂತಿಯ ಬಳಿ ಒಂದು, ನಡುಬಳೆಯ ಎರಡೂ ಪಕ್ಕ ಒಂದೊಂದು, ಕ್ಲಿಪ್ಪಿನ ಬಳಿ ಒಂದು. ನಾಲ್ಕೂ ಸರಿಯಾಗಬೇಕು. ಅದರ ಮೇಲೆ ಎರಡು ತುಂಡುಗಳ ಎಳೆಯೂ ಕೂಡಬೇಕು. ಕೈ ಇನ್ನೂ ಕೂರದವರಿಗೆ ಇಷ್ಟೂ ಪರೀಕ್ಷೆ ಒಂದೇ ಸಲಕ್ಕೆ. ತಪ್ಪಿದರೆ ಯಾವುದರಲ್ಲಿ ತಪ್ಪಿದೆವೆಂದು ತಿಳಿಯುವ ಹಾಗೂ ಇಲ್ಲ.

ಇಷ್ಟಕ್ಕೆ ಮುಗಿಯುವುದಿಲ್ಲ. ಕೊನೆಯಲ್ಲಿ ಯಂತ್ರ ಒತ್ತುವ ಕೆಲಸವಿದೆ. ಹಿತ್ತಾಳೆ ಬಣ್ಣದ ತುದಿಯನ್ನು ಕೆಳಗಿನ ಕೊಳವೆಗೆ ಇಟ್ಟು, ಹಿಡಿ ತಿರುಗಿಸಿ ಬಿಗಿಯುವ ವೈಸ್‌ನಲ್ಲಿ ಮೆಲ್ಲಗೆ ಒತ್ತಬೇಕು. ಯಂತ್ರದ ಮೈಮೇಲೆ ಒಂದು ತಗ್ಗು ಗೆರೆ ಇರುತ್ತದೆ, ಸುಮಾರು ಅಲ್ಲಿಯವರೆಗೆ. ಸುಮಾರು ಎಂಬ ಮಾತಿನಲ್ಲೇ ತೊಂದರೆ. ಅಂಟಿಸಿದ ಮೇಲೆ ಮರದ ತುದಿಯನ್ನು ಕೊಳವೆಗೆ ನೇರವಾಗಿ ತರಿದು ಸಮ ಮಾಡುತ್ತೇವೆ. ಹಿತ್ತಾಳೆ ಹೊಳೆದ ಕೂಡಲೇ ನಿಲ್ಲಿಸಬೇಕು. ಹೊಸಬರು ಇನ್ನೊಂದು ಸುತ್ತು ತರಿಯುತ್ತಾರೆ, ಕೊಳವೆಯೇ ಗಿಡ್ಡವಾಗುತ್ತದೆ, ಆಗ ಗೆರೆಯ ಲೆಕ್ಕ ತಪ್ಪುತ್ತದೆ. ಕಡಿಮೆ ಒತ್ತಿದರೆ ರೀಫಿಲ್ಲಿನ ತುದಿ ಹೊರಗೆ ಬರುವುದಿಲ್ಲ. ಹೆಚ್ಚು ಒತ್ತಿದರೆ ಒಳಗೆ ಹೋಗುವುದಿಲ್ಲ, ಜೇಬಿಗೆ ಶಾಯಿ. ಕಡಿಮೆಯಾದರೆ ಇನ್ನಷ್ಟು ಒತ್ತಬಹುದು. ಹೆಚ್ಚಾದದ್ದನ್ನು ಹಿಂದಕ್ಕೆ ಎಳೆಯುವುದು ಹೊಸಬರ ಕೈಯಲ್ಲಿ ಆಗುವ ಕೆಲಸವಲ್ಲ. ಬ್ಯಾಂಕ್ ನೌಕರರ ಸ್ಲಿಮ್‌ಲೈನ್ ಈ ಹಂತದವರೆಗೆ ಅಚ್ಚುಕಟ್ಟಾಗಿ ಬಂದು ಇಲ್ಲಿ ಕೆಟ್ಟಿತು. ಹುಣಸೆಯ ಕೆಂಗಂದು ಕಾಂಡದಲ್ಲಿ ಕಡೆದ ಪೆನ್ನು, ಎಳೆ ಎಷ್ಟು ಚೆನ್ನಾಗಿ ಕೂಡಿತ್ತೆಂದರೆ ಎರಡು ತುಂಡು ಎಂದೇ ಗೊತ್ತಾಗುತ್ತಿರಲಿಲ್ಲ. ವೈಸ್ ಹಿಡಿಯನ್ನು ಕಾಲು ಸುತ್ತು ಹೆಚ್ಚಾಗಿ ತಿರುಗಿಸಿದರು, ಅಷ್ಟೇ. ಅವರು ಏನೂ ಹೇಳಲಿಲ್ಲ. ಪೆನ್ನನ್ನು ಮೇಜಿನ ಮೇಲಿಟ್ಟು ಕನ್ನಡಕ ಒರೆಸಿಕೊಂಡರು.

ಈಗ ಸಿಯೆರಾ.

ಬೆರಿಯಾ ಹಾರ್ಡ್‌ವುಡ್ಸ್ ಎಂಬ ಅಮೆರಿಕದ ಸಂಸ್ಥೆ ಈ ಹೆಸರಿನಲ್ಲಿ ಮಾರುವ ಮಾದರಿ ಇದು. ಇದೇ ಬಗೆಯದನ್ನು ಬೇರೆಯವರು ಬೇರೆ ಹೆಸರಿನಲ್ಲೂ ಮಾರುತ್ತಾರೆ. ಒಂದೇ ಕೊಳವೆ, ಒಂದೇ ಮರದ ತುಂಡು. ಮೇಲರ್ಧ ಪೂರ್ತಿ ಲೋಹ. ಕ್ಲಿಪ್ಪೂ ಅದರಲ್ಲೇ, ಅದನ್ನು ತಿರುಗಿಸಿದರೆ ರೀಫಿಲ್ ಹೊರಬರುತ್ತದೆ. ನಾವು ಕಡೆಯುವುದು ಕೈಯಲ್ಲಿ ಹಿಡಿದು ಬರೆಯುವ ಕೆಳಭಾಗವನ್ನು ಮಾತ್ರ. ಮರ ಲೋಹಕ್ಕೆ ಕೂಡುವ ಜಾಗಗಳು ಎರಡೇ. ಎಳೆ ಕೂಡಿಸುವ ಚಿಂತೆಯೇ ಇಲ್ಲ. ಒಂದು ತುದಿಗೆ ಮೂತಿಯನ್ನು, ಇನ್ನೊಂದು ತುದಿಗೆ ಕೂಡುಬಳೆಯನ್ನು ಪೂರ್ತಿ ಕೂರುವ ತನಕ ಒತ್ತಿದರೆ ಮುಗಿಯಿತು. ತಿರುಗುವ ಯಂತ್ರ ತಿರುಪಿನ ಮೇಲೆ ಕೂರುತ್ತದೆ, ಅದು ನಿಲ್ಲುವ ಜಾಗ ಮೊದಲೇ ಗೊತ್ತಾದದ್ದು. ‘ಸುಮಾರು’ ಎಂಬುದಿಲ್ಲ.

ಮ್ಯಾಂಡ್ರೆಲ್ ಮೇಲೂ ಒಂದೇ ತುಂಡು. ಉದ್ದವನ್ನು ಹೊಂದಿಸಿಕೊಳ್ಳಬಹುದಾದ ಮ್ಯಾಂಡ್ರೆಲ್ ಇದ್ದರೆ ಸರಳನ್ನು ಅರ್ಧಕ್ಕರ್ಧ ಒಳಗೆ ಸರಿಸಿ ಗಿಡ್ಡ ಮಾಡಿಕೊಳ್ಳಬಹುದು. ಗಿಡ್ಡ ಸರಳು ಅಷ್ಟು ಸುಲಭಕ್ಕೆ ಬಾಗುವುದಿಲ್ಲ. ತಂಗಿಯ ಮಗಳು ಮತ್ತೆ ಅದೇ ಜೋರಿನಿಂದ ನಟ್ಟು ಬಿಗಿದಳು. ನಾನು ಬೇಕೆಂದೇ ಸುಮ್ಮನಿದ್ದೆ. ಗೇಜ್ ಇಟ್ಟು ನೋಡಿದರೆ ಓಡಾಟ ಮೊದಲಿನದರಲ್ಲಿ ಕಾಲು ಭಾಗವೂ ಇರಲಿಲ್ಲ. ಅದೇ ಕೈ, ಅದೇ ತಪ್ಪು, ಆದರೆ ಪೆನ್ನು ಉಳಿಯಿತು. ಹೊಸಬರಿಗೆ ಬೇಕಾದ ಕಿಟ್ ಹೀಗಿರಬೇಕು ಎಂದು ನನಗೆ ಅನ್ನಿಸಿದ್ದು ಆ ಗಳಿಗೆಯಲ್ಲಿ.

ಮೇಷ್ಟ್ರಿಗೆ ಮೊದಲೇ ಸಿಯೆರಾ ಕೊಟ್ಟಿದ್ದೆ. ಅವರು ತಂದದ್ದು ತಮ್ಮ ಊರಿನ ತೋಟದಲ್ಲಿ ಕಡಿದ ಹಳೆಯ ಕಾಫಿ ಗಿಡದ ಬುಡ. ಐದಾರು ವರ್ಷ ಅಟ್ಟದ ಮೇಲೆ ಒಣಗಿತ್ತಂತೆ. ಕಾಫಿ ಮರ ಗಟ್ಟಿ, ಎಳೆ ಸಣ್ಣದು, ಬಣ್ಣ ಕೆನೆಯದು. ಉಳಿಯ ಹಿಂಭಾಗವನ್ನು ಸೊಂಟಕ್ಕೆ ಆನಿಸಿಕೊಂಡು, ಮುಂಭಾಗವನ್ನು ಟೂಲ್‌ರೆಸ್ಟ್ (ಉಳಿ ಆನಿಸುವ ಪಟ್ಟಿ) ಮೇಲೆ ಗಟ್ಟಿಯಾಗಿ ಒತ್ತಿ, ಕೈಯಲ್ಲ ಮೈಯೇ ಸರಿಯಬೇಕು ಎಂದು ತೋರಿಸಿದೆ. ಮೈ ಸರಿದಾಗ ಕೈಯ ನಡುಕ ಉಳಿಗೆ ಮುಟ್ಟುವುದಿಲ್ಲ. ಮೊದಲ ಹತ್ತು ನಿಮಿಷ ಪುಡಿ ಬಂತು. ಆಮೇಲೆ ಒಮ್ಮೆಲೇ ಉಳಿಯ ತುದಿಯಿಂದ ಉದ್ದನೆಯ ಸುರುಳಿ ಎದ್ದು ಅವರ ಮುಂಗೈ ಮೇಲೆ ಬಿತ್ತು, ಪೆನ್ಸಿಲ್ ಹೆರೆದಾಗ ಬರುವಂಥದ್ದು. ಲೇತ್ ನಿಲ್ಲಿಸಿ ಅದನ್ನೆತ್ತಿ ಬೆಳಕಿಗೆ ಹಿಡಿದರು. “ಇದರ ಆಚೆಯ ಬೆಳಕು ಕಾಣುತ್ತದೆ ನೋಡಿ” ಎಂದರು. ಆ ಸುರುಳಿಯನ್ನು ಮನೆಗೆ ತೆಗೆದುಕೊಂಡು ಹೋದರು, ನಾನು ಕಣ್ಣಾರೆ ಕಂಡೆ. ಮಧ್ಯದಲ್ಲಿ ಸ್ವಲ್ಪ ಹೊಟ್ಟೆ ಉಳಿಸಿ ಕಡೆದಿದ್ದರಿಂದ ಅವರ ಬೆರಳುಗಳಿಗೆ ಪೆನ್ನು ತುಂಬಿದ ಹಾಗೆ ಹಿಡಿಯಲು ಸಿಗುತ್ತದೆ. ಸ್ಲಿಮ್‌ಲೈನ್ ಹೆಸರಿಗೆ ತಕ್ಕ ಹಾಗೆ ಸಪೂರ, ನಡುಗುವ ಬೆರಳಿಗೆ ಅದು ಸಾಲದು.

ಸಿಯೆರಾದ ದೋಷಗಳನ್ನು ಮುಚ್ಚಿಡುವುದಿಲ್ಲ. ಮೊದಲನೆಯದು ಬೆಲೆ. ಒಂದು ಸಿಯೆರಾ ಕೊಳ್ಳುವ ಹಣಕ್ಕೆ ಹೆಚ್ಚುಕಡಿಮೆ ಮೂರು ಸ್ಲಿಮ್‌ಲೈನ್ ಬರುತ್ತವೆ. ಎರಡನೆಯದು ರಂಧ್ರ. ಅದರ ಬಿಟ್ ಇಂಚಿನ ಲೆಕ್ಕದಲ್ಲಿ 27/64, ಅಂದರೆ 10.7 ಮಿ.ಮೀ.ಗಿಂತ ಕೂದಲೆಳೆ ಹೆಚ್ಚು. ಬಡಾವಣೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ 10 ಇದೆ, 11 ಇದೆ ಎನ್ನುತ್ತಾರೆ. 11ರಲ್ಲಿ ಕೊರೆದರೆ ಕೊಳವೆ ಲಟಪಟ ಅನ್ನುತ್ತದೆ, ಎಪಾಕ್ಸಿ ತುಂಬಿ ಹೇಗೋ ಹಿಡಿಸಬಹುದಾದರೂ ಕೊಳವೆ ಓರೆಯಾಗಿ ಕೂರುತ್ತದೆ. ಆಸೆಗೆ ಬಿದ್ದು ಹಾಗೆ ಮಾಡಬೇಡಿ. ಕಾರ್ಖಾನೆಗಳಿಗೆ ಸರಕು ಕೊಡುವ ಟೂಲ್ಸ್ ಅಂಗಡಿಗಳಲ್ಲಿ 0.1 ಮಿ.ಮೀ. ಅಂತರದ ಬಿಟ್ಟುಗಳಿರುತ್ತವೆ. ಬೆಂಗಳೂರಿನವರಿಗೆ ಪೀಣ್ಯ ಇದೆ, ಸಾದರ ಪತ್ರಪ್ಪ ರಸ್ತೆ ಇದೆ. ಮೂರನೆಯ ಅಂಗಡಿಯಲ್ಲಿ ನನಗೆ 10.7 ಸಿಕ್ಕಿತು, ಕೊಳವೆ ಅಂಟಿಗೆ ಬೇಕಾದಷ್ಟೇ ಸಡಿಲದಲ್ಲಿ ಕೂತಿತು. ಬೇರೆ ಊರಿನವರು ಕಿಟ್ಟಿನ ಜೊತೆಗೇ ಬಿಟ್ ಮತ್ತು ಬುಶ್ ತರಿಸಿಕೊಳ್ಳುವುದು ಒಳ್ಳೆಯದು. ಮೂರನೆಯ ದೋಷ, ದೊಡ್ಡ ರಂಧ್ರ ಕೊರೆಯುವಾಗ ಮರ ಬಿಸಿಯಾಗಿ ಸೀಳುತ್ತದೆ. ವೇಗ ನಿಮಿಷಕ್ಕೆ 500 ಸುತ್ತಿನ ಆಸುಪಾಸಿನಲ್ಲಿರಲಿ. ತುಂಡನ್ನು ಬೇಕಾದ್ದಕ್ಕಿಂತ ಅರ್ಧ ಇಂಚು ಉದ್ದ ಇಟ್ಟುಕೊಂಡು, ಬಿಟ್ ಆಚೆ ತುದಿಯಿಂದ ಹೊರಬರುವ ಮುಂಚೆ ನಿಲ್ಲಿಸಿ, ಆ ತುದಿಯನ್ನು ಗರಗಸದಲ್ಲಿ ಕೊಯ್ದುಬಿಡಿ. ಹೊರಬರುವಾಗ ಒಡೆಯುವ ಕಾಟ ತಪ್ಪುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ತೀರ್ಮಾನವನ್ನು ಗಟ್ಟಿ ಮಾಡಿದ್ದು ಲೇತಿಗೆ ಸಂಬಂಧವೇ ಇಲ್ಲದ ಒಂದು ವಿಷಯ. ಅದು ರೀಫಿಲ್.

ಸ್ಲಿಮ್‌ಲೈನಿಗೆ ಕ್ರಾಸ್ ಮಾದರಿಯ ಸಪೂರ ರೀಫಿಲ್ ಬೇಕು. ಸಿಯೆರಾಕ್ಕೆ ಪಾರ್ಕರ್ ಮಾದರಿಯದು. ಪಾರ್ಕರ್ ಮಾದರಿ ಇವತ್ತು ಜಗತ್ತಿನಲ್ಲೆಲ್ಲ ನಡೆಯುವ ಅಳತೆ, ಐಎಸ್‌ಒ ಮಾನದಂಡದಲ್ಲಿ ಅದಕ್ಕೆ ಜಿ2 ಎಂದು ಹೆಸರು. ನಮ್ಮ ಬೀದಿಯ ತುದಿಯಲ್ಲಿ ಶಾಲೆ ಮಕ್ಕಳ ಪುಸ್ತಕಕ್ಕೆ ರಟ್ಟು ಹಾಕುವ ಸಣ್ಣ ಅಂಗಡಿಯಲ್ಲೂ ಅದು ನೇತಾಡುತ್ತಿರುತ್ತದೆ. ಕ್ರಾಸ್ ಮಾದರಿಗೆ ನಾನು ನಾಲ್ಕು ಅಂಗಡಿ ಸುತ್ತಿದೆ. ಐದನೆಯದರಲ್ಲಿ ಸಿಕ್ಕಿತು, ಬೆಲೆ ಕೇಳಿ ಹಿಂದಕ್ಕಿಟ್ಟೆ. ಯೋಚಿಸಿ ನೋಡಿ. ಮಗಳೊಬ್ಬಳು ಅಪ್ಪನ ಹುಟ್ಟುಹಬ್ಬಕ್ಕೆ ಎರಡು ಭಾನುವಾರ ಕೂತು ಪೆನ್ನು ಕಡೆದುಕೊಡುತ್ತಾಳೆ. ಅಪ್ಪ ಖುಷಿಯಿಂದ ಮೂರು ತಿಂಗಳು ಬರೆಯುತ್ತಾರೆ. ಶಾಯಿ ಮುಗಿಯುತ್ತದೆ. ತಾಲ್ಲೂಕು ಕೇಂದ್ರದಲ್ಲಿ ಆ ರೀಫಿಲ್ ಸಿಗುವುದಿಲ್ಲ. ಪೆನ್ನು ಮೇಜಿನ ಡ್ರಾಯರ್ ಸೇರುತ್ತದೆ. ಕೈಯಾರೆ ಮಾಡಿದ ವಸ್ತುವಿಗೆ ಇದಕ್ಕಿಂತ ಅನ್ಯಾಯ ಬೇರೆ ಇಲ್ಲ. ಹೊರದೇಶದಲ್ಲಿ ಬರೆದ ಪಾಠಗಳನ್ನು ಹಾಗೆಯೇ ಇಲ್ಲಿಗೆ ಇಳಿಸಿದರೆ ಇಂಥದ್ದು ಕಣ್ಣು ತಪ್ಪುತ್ತದೆ. ಅಲ್ಲಿ ಎರಡೂ ಸಿಗುತ್ತವೆ, ಅವರಿಗೆ ಅದು ವಿಷಯವೇ ಅಲ್ಲ.

ಹೊಳಪಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಕೈಪಿಡಿಯಲ್ಲಿ ನನಗೂ ಬಳಗದ ಕೆಲವರಿಗೂ ಭಿನ್ನಾಭಿಪ್ರಾಯ ಇರುವುದು ಇಲ್ಲಿ. ಅನುಭವಿಗಳು ಬಹಳ ಮಂದಿ ದಿಢೀರ್ ಅಂಟನ್ನೇ ಪದರ ಪದರವಾಗಿ ಮರದ ಮೇಲೆ ಹಚ್ಚಿ ಗಾಜಿನಂಥ ಹೊಳಪು ತರುತ್ತಾರೆ. ಆ ಪದರ ಗಟ್ಟಿ, ಬೆವರಿಗೆ ಜಗ್ಗುವುದಿಲ್ಲ, ವರ್ಷಗಟ್ಟಲೆ ಉಳಿಯುತ್ತದೆ. ನಾನೂ ಮಾಡುತ್ತೇನೆ. ಆದರೆ ಅದರ ಹಬೆ ಕಣ್ಣು ಮೂಗು ಉರಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ಅಂಟು ಹತ್ತಿಬಟ್ಟೆಗೆ ತಾಗಿದರೆ ಸುಡುವಷ್ಟು ಬಿಸಿಯಾಗುತ್ತದೆ. ಹಳೆಯ ಪಂಚೆ ಹರಿದು ಒರೆಸುವ ಅಭ್ಯಾಸ ನಮ್ಮ ಮನೆಗಳಲ್ಲಿ ಎಲ್ಲರಿಗೂ ಇದೆ. ಇದಕ್ಕೆ ಮಾತ್ರ ಆ ಬಟ್ಟೆ ಬೇಡ, ಪೇಪರ್ ಟವೆಲ್ ಬೇಕು. ತಿರುಗುವ ಲೇತಿನ ಹತ್ತಿರ ಬಟ್ಟೆ ಎಂದೂ ಬೇಡ, ಸುತ್ತಿಕೊಂಡರೆ ಬೆರಳನ್ನೂ ಎಳೆದುಕೊಳ್ಳುತ್ತದೆ. ಸಡಿಲ ತೋಳಿನ ಅಂಗಿ, ದುಪಟ್ಟಾ, ಬಿಟ್ಟ ಕೂದಲು ಯಾವುದೂ ಬೇಡ. ಈ ಮಾತನ್ನು ನಾನು ಬೇಸರಪಡಿಸುವಷ್ಟು ಸಲ ಹೇಳುತ್ತೇನೆ, ಕಾರ್ಖಾನೆಯಲ್ಲಿ ಒಂದು ತೋಳು ಹಾಗೆ ಹೋದದ್ದನ್ನು ಕಂಡವನು.

ಹಾಗಾಗಿ ಮೊದಲ ಪೆನ್ನಿಗೆ ನಾನು ಹೇಳುವುದು ಅರಗಿನ ಪಾಲಿಶ್. ಅರಗಿನ ಹುಳು ಕೊಡುವ ರಾಳವನ್ನು ಸ್ಪಿರಿಟ್‌ನಲ್ಲಿ ಕರಗಿಸಿದ್ದೇ ಅದರ ಮೂಲ. ತಿರುಗುವ ಮರಕ್ಕೆ ಕಾಗದದಲ್ಲಿ ಹಿಡಿದು ಒತ್ತಿದರೆ ಉಜ್ಜುವ ಬಿಸಿಗೆ ಹರಡಿ ಹೊಳೆಯುತ್ತದೆ. ಚನ್ನಪಟ್ಟಣದವರು ತಲೆಮಾರುಗಳಿಂದ ಮಾಡುತ್ತಿರುವುದೂ ಇದೇ ತತ್ವದ ಮೇಲೆ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಗೊಂಬೆಗೆ ಒತ್ತುತ್ತಾರೆ, ಅದು ಅಲ್ಲೇ ಕರಗಿ ಹತ್ತಿಕೊಳ್ಳುತ್ತದೆ, ಮೇಲೆ ತಾಳೆ ಗರಿ ಹಿಡಿದು ನುಣುಪು ಕೊಡುತ್ತಾರೆ. ಅವರು ತಾಳೆ ಎನ್ನುವುದು ಕೇದಗೆ ಜಾತಿಯ ಗಿಡವನ್ನು. ಕಳೆದ ತಿಂಗಳು ಅಲ್ಲಿಗೆ ಹೋಗಿದ್ದಾಗ ಹಿರಿಯ ಕುಶಲಕರ್ಮಿಯೊಬ್ಬರಿಗೆ ನಮ್ಮ ಪೆನ್ನು ತೋರಿಸಿದೆ. ಅವರು ಮೊದಲು ನೋಡಿದ್ದು ಹೊಳಪನ್ನಲ್ಲ. ಕಣ್ಣು ಮುಚ್ಚಿಕೊಂಡು ಹೆಬ್ಬೆರಳನ್ನು ಮರದಿಂದ ಲೋಹಕ್ಕೆ ಎರಡು ಸಲ ಓಡಿಸಿದರು. “ಇಲ್ಲಿ ಮೆಟ್ಟಿಲು ಇದೆ” ಎಂದರು. ನನಗೆ ಡಯಲ್ ಗೇಜ್ ಹೇಳಿದ್ದನ್ನು ಅವರಿಗೆ ಬೆರಳು ಹೇಳಿತು.

ಅರಗಿನ ಹೊಳಪು ಕೈಬೆವರಿಗೆ ಕೆಲವು ತಿಂಗಳಲ್ಲಿ ಮಾಸುತ್ತದೆ, ನಿಜ. ಮಾಸಿದಾಗ ಮತ್ತೆ ಹಚ್ಚಬಹುದು. ಅದಕ್ಕಿಂತ ಮುಖ್ಯ ಅದರ ಕೆಳಗಿನ ಉಜ್ಜುವ ಕೆಲಸ. 150ರಿಂದ ಹೊರಟು 220, 320, 400, 600. ಯಾವುದನ್ನೂ ದಾಟಿಸಬೇಡಿ. ಪ್ರತಿ ಕಾಗದದ ನಂತರ ಲೇತ್ ನಿಲ್ಲಿಸಿ ಅದೇ ಕಾಗದದಲ್ಲಿ ಎಳೆಯ ಉದ್ದಕ್ಕೆ ನಾಲ್ಕು ಸಲ ಉಜ್ಜಿ, ಆಮೇಲೆ ಮುಂದಿನದಕ್ಕೆ ಹೋಗಿ. ಸುತ್ತುಗೆರೆ ಉಳಿದರೆ ಯಾವ ಪಾಲಿಶ್ ಹಚ್ಚಿದರೂ ಅದು ಇನ್ನೂ ಎದ್ದು ಕಾಣುತ್ತದೆ. ಬೀಟೆ ಕಡೆಯುವವರು ಮಾಸ್ಕ್ ಹಾಕಲೇಬೇಕು. ಅದರ ಧೂಳು ಕೆಲವರಿಗೆ ಚರ್ಮ ಕೆರೆತ, ಸೀನು ತರುತ್ತದೆ. ಮುಖಕ್ಕೆ ಪಾರದರ್ಶಕ ಕವಚ ಯಾವ ಮರಕ್ಕಾದರೂ ಬೇಕು.

ಕೊಳ್ಳುವ ಮುಂಚೆ ಇನ್ನೊಂದು ಮಾತು. ನಿಮ್ಮ ಲೇತಿನ ಹೆಡ್‌ಸ್ಟಾಕ್ (ಮರವನ್ನು ತಿರುಗಿಸುವ ತುದಿ) ಯಾವ ಮೋರ್ಸ್ ಟೇಪರ್, ಅಂದರೆ ಅದರೊಳಗಿನ ಕಿರಿದಾಗುತ್ತಾ ಹೋಗುವ ಕುಳಿ ಯಾವ ನಂಬರಿನದು ಎಂದು ನೋಡಿ. ಸಣ್ಣ ಲೇತ್‌ಗಳಲ್ಲಿ 1 ಇರುವುದೂ ಉಂಟು, 2 ಇರುವುದೂ ಉಂಟು. ಮ್ಯಾಂಡ್ರೆಲ್ ಅದಕ್ಕೆ ಹೊಂದಬೇಕು. ಟೇಲ್‌ಸ್ಟಾಕಿನಲ್ಲಿ 60 ಡಿಗ್ರಿಯ ತಿರುಗುವ ಸೆಂಟರ್ (ಸರಳಿನ ತುದಿಗೆ ಆನಿಸುವ ಮೊನೆ) ಇರಲಿ. ಲೇತಿನ ಜೊತೆ ಬರುವ ಮೊಂಡು ಮೂತಿಯದು ಮ್ಯಾಂಡ್ರೆಲ್ಲಿನ ಕುಳಿಗೆ ಸರಿಯಾಗಿ ಕೂರದೆ ಹೋಗಬಹುದು. ನಾನು ಮೊದಲು ತರಿಸಿದ ಮ್ಯಾಂಡ್ರೆಲ್ ಚೀಲದಿಂದ ತೆಗೆಯುವಾಗಲೇ ಬಾಗಿತ್ತು. ಗಾಜಿನ ಮೇಲೆ ಉರುಳಿಸಿ ನೋಡಿದರೆ ಗೊತ್ತಾಗುತ್ತದೆ, ಬಂದ ದಿನವೇ ಹಾಗೆ ನೋಡಿ, ಬಾಗಿದ್ದರೆ ಹಿಂದಿರುಗಿಸಿ.

ಹಾಗಾದರೆ ಸ್ಲಿಮ್‌ಲೈನ್ ಬೇಡವೇ? ಬೇಕು, ಆದರೆ ಮೂರನೆಯದೋ ನಾಲ್ಕನೆಯದೋ ಪೆನ್ನಾಗಿ ಬೇಕು. ನಟ್ಟಿನ ಬಿಗಿ ಕೈಗೆ ಗೊತ್ತಾದ ಮೇಲೆ, ಹಿತ್ತಾಳೆ ಹೊಳೆದ ಕೂಡಲೇ ನಿಲ್ಲಿಸುವ ಅಭ್ಯಾಸ ಬಂದ ಮೇಲೆ, ಅಷ್ಟು ಕಡಿಮೆ ಬೆಲೆಗೆ ಅಷ್ಟು ಕೆಲಸ ಕಲಿಸುವ ಕಿಟ್ ಬೇರೆ ಇಲ್ಲ. ಅದರಲ್ಲಿ ನಾಲ್ಕೂ ಕೂಡುಜಾಗ ಸರಿ ಬಂದ ದಿನ ನಿಮ್ಮ ಕೈ ಪಳಗಿದೆ ಎಂದು ನಂಬಬಹುದು. ಕೈಪಿಡಿಯ ಮೊದಲ ಅಧ್ಯಾಯವನ್ನು ಹರಿದು ಸಿಯೆರಾದಿಂದ ಮತ್ತೆ ಬರೆದಿದ್ದೇನೆ, ಸ್ಲಿಮ್‌ಲೈನ್ ಐದನೆಯ ಅಧ್ಯಾಯಕ್ಕೆ ಹೋಗಿದೆ. ಕೆಟ್ಟ ತುಂಡುಗಳನ್ನೂ ಎಸೆದಿಲ್ಲ. ಅರ್ಧಕ್ಕೆ ನಿಂತ ಕೊಳವೆಯನ್ನೂ ಬ್ಯಾಂಕ್ ನೌಕರರು ಅನುಮತಿ ಕೊಟ್ಟ ಹುಣಸೆ ಪೆನ್ನನ್ನೂ ಉದ್ದಕ್ಕೆ ಸೀಳಿ ಚಿತ್ರ ತೆಗೆದು ಹಾಕಿದ್ದೇನೆ. ಒಳಗಿನ ಯಂತ್ರ ಗೆರೆ ದಾಟಿ ಎಷ್ಟು ಕೆಳಗಿಳಿದಿದೆ ಎಂಬುದು ಆ ಚಿತ್ರದಲ್ಲಿ ಒಂದೇ ನೋಟಕ್ಕೆ ಕಾಣುತ್ತದೆ. ಎರಡು ಪುಟ ಬರೆದು ಹೇಳಿದ್ದಕ್ಕಿಂತ ಅದು ಮೇಲು.

ಮೇಷ್ಟ್ರ ಪೆನ್ನಿನ ಶಾಯಿ ಹೋದ ವಾರ ಮುಗಿಯಿತು. ಬೀದಿ ತುದಿಯ ಅಂಗಡಿಯಿಂದ ನೀಲಿ ರೀಫಿಲ್ ತಂದು ತಾವೇ ಹಾಕಿಕೊಂಡರಂತೆ. ಮಗ ದೀಪಾವಳಿಗೆ ಮತ್ತೆ ಬರುತ್ತಾನೆ. ಈ ಸಲ ಅವನಿಗೆ ಕಳಿಸಿರುವ ಪಟ್ಟಿಯಲ್ಲಿ ಸಿಯೆರಾ ಹನ್ನೆರಡು, ಅದರ ಬುಶ್ ಮೂರು ಜೊತೆ, ಸ್ಲಿಮ್‌ಲೈನ್ ನಾಲ್ಕು.